ಅನ್ವರ್ ಅಲಿಯ ಎದೆಗಾರಿಕೆ

2018ರ ಆಗಸ್ಟ್‌ನಲ್ಲಿ ಸ್ಪೇನಿನ ವೆಲೆನ್ಸಿಯಾ ಸೀಮೆಯಲ್ಲಿ ನಡೆದ ಕೋಟಿಫ್ ಕಪ್ ಟೂರ್ನಿಯಲ್ಲಿ ಭಾರತದ 20 ವರ್ಷದೊಳಗಿನವರ ತಂಡ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿತು. ಸೋತ ತಂಡದ ಕೋಚ್ ಲಯೊನೆಲ್ ಸ್ಕಲೋನಿ. ನಾಲ್ಕು ವರ್ಷಗಳ ನಂತರ ಕತಾರ್‌ನಲ್ಲಿ ಅರ್ಜೆಂಟೀನಾಕ್ಕೆ ವಿಶ್ವಕಪ್ ಗೆದ್ದುಕೊಟ್ಟವರೂ ಅವರೇ. ಭಾರತದ ಒಬ್ಬ ಆಟಗಾರ ಕೆಂಪು ಕಾರ್ಡ್ ಕಂಡು ಹೊರಗೆ ಹೋಗಿದ್ದ. ಹತ್ತೇ ಜನ ಉಳಿದಿದ್ದಾಗ ಸಿಕ್ಕಿದ ಫ್ರೀ ಕಿಕ್ ತೆಗೆದುಕೊಳ್ಳಲು ಹಿಂದಿನ ಸಾಲಿನಿಂದ ಒಬ್ಬ ಸೆಂಟರ್ ಬ್ಯಾಕ್ ನಡೆದು ಬಂದ. ಅವನು ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಒಳಗೆ ಬಿತ್ತು. ಪಂಜಾಬಿನ ಜಲಂಧರ್ ಬಳಿಯ ಆದಂಪುರದ ಅನ್ವರ್ ಅಲಿಗೆ ಆಗಿನ್ನೂ 18 ತುಂಬಿರಲಿಲ್ಲ.

ಭಾರತದ ಫುಟ್‌ಬಾಲ್ ನೋಡುವವರಿಗೆ ಅವನ ಹೆಸರು ಅದಕ್ಕೂ ಮೊದಲೇ ಪರಿಚಯವಾಗಿತ್ತು. 2017ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮಲ್ಲೇ ನಡೆಯಿತು. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತ ಆಡಿದ್ದು ಅದೇ ಮೊದಲು. ಅಮೆರಿಕ, ಕೊಲಂಬಿಯಾ, ಘಾನಾ ವಿರುದ್ಧದ ಮೂರೂ ಪಂದ್ಯಗಳಲ್ಲಿ ನಮ್ಮ ಹುಡುಗರು ಸೋತರು. ಆದರೂ ಹಿಂದಿನ ಸಾಲಿನಲ್ಲಿ ಆಡಿದ ಅನ್ವರ್ ಕಣ್ಣಿಗೆ ಬಿದ್ದ. ನಮ್ಮ ಡಿಫೆಂಡರ್‌ಗಳಿಗೆ ಬಹುಕಾಲ ಕಲಿಸಿದ್ದು ಒಂದೇ ಪಾಠ: ಚೆಂಡು ಸಿಕ್ಕಿತೇ, ಆದಷ್ಟು ದೂರ ಒದ್ದು ಅಪಾಯ ತಪ್ಪಿಸು. ಅನ್ವರ್ ಹಾಗೆ ಮಾಡುವವನಲ್ಲ. ಕಾಲಿನ ಬಳಿ ಚೆಂಡು ಇಟ್ಟುಕೊಂಡು ತಲೆಯೆತ್ತಿ ನೋಡುತ್ತಾನೆ. ಮೈದಾನದ ಆಚೆ ಬದಿಯಲ್ಲಿ ಓಡುತ್ತಿರುವ ವಿಂಗರ್‌ನ ಮುಂದಕ್ಕೆ ಬೀಳುವಂತೆ ಉದ್ದನೆಯ ಪಾಸ್ ಕೊಡುತ್ತಾನೆ. ಈ ಸಮಾಧಾನ ಅಭ್ಯಾಸದಿಂದ ಒಂದಿಷ್ಟು ಬರಬಹುದು, ಉಳಿದದ್ದು ಅವನದೇ. ಇಂಡಿಯನ್ ಆ್ಯರೋಸ್ ತಂಡದಲ್ಲಿ ಐ–ಲೀಗ್ ಆಡಿದ. ಮುಂಬೈ ಸಿಟಿ ಎಫ್‌ಸಿ ಒಪ್ಪಂದ ಮಾಡಿಕೊಂಡಿತು. ಹಿರಿಯರ ತಂಡದ ಶಿಬಿರಕ್ಕೆ ಕರೆಯೂ ಬಂತು.

2019ರಲ್ಲಿ ವೈದ್ಯಕೀಯ ತಪಾಸಣೆಯಲ್ಲಿ ಅವನ ಹೃದಯದಲ್ಲಿ ದೋಷ ಕಾಣಿಸಿತು. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪಥಿ ಎಂದರು ವೈದ್ಯರು.

ಹೃದಯದ ಸ್ನಾಯು ಇರಬೇಕಾದ್ದಕ್ಕಿಂತ ದಪ್ಪವಾಗುವ ಕಾಯಿಲೆ ಇದು. ಹೆಚ್ಚಾಗಿ ವಂಶವಾಹಿಗಳಿಂದ ಬರುತ್ತದೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಅವರಲ್ಲಿ ಎಷ್ಟೋ ಮಂದಿ ಯಾವ ತೊಂದರೆಯೂ ಇಲ್ಲದೆ ತುಂಬು ಬದುಕು ಬಾಳುತ್ತಾರೆ. ಕೆಲವರಲ್ಲಿ ಮಾತ್ರ ದೇಹ ತೀವ್ರವಾಗಿ ದಣಿಯುವಾಗ ಹೃದಯದ ವಿದ್ಯುತ್ ಲಯ ದಿಢೀರನೆ ತಪ್ಪುತ್ತದೆ. ಬಡಿತ ಬರೀ ಕಂಪನವಾಗಿ, ರಕ್ತ ಮುಂದಕ್ಕೆ ಹೋಗುವುದು ನಿಂತುಬಿಡುತ್ತದೆ. ಯಾರಿಗೆ ಹಾಗಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇನ್ನೂ ಇಲ್ಲ. ಅನ್ವರ್‌ಗೆ ಇದ್ದದ್ದು ಹೃದಯದ ತುದಿಭಾಗದ ಸ್ನಾಯು ದಪ್ಪವಾಗುವ ಬಗೆ. ಸಾಮಾನ್ಯವಾಗಿ ಇದನ್ನು ಕಡಿಮೆ ಅಪಾಯದ್ದೆಂದು ಎಣಿಸುತ್ತಾರೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಎಲ್ಲರೂ ಬಂದು ಸಿಕ್ಕಿಕೊಂಡದ್ದು ಇಲ್ಲೇ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವನು ಆಡುವುದು ಬೇಡವೆಂದಿತು. 2020ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಅವನನ್ನು ಸೇರಿಸಿಕೊಂಡಾಗ, ಅಭ್ಯಾಸಕ್ಕೂ ಇಳಿಸಬೇಡಿ ಎಂಬ ಸೂಚನೆ ಹೋಯಿತು. ಅನ್ವರ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ. ಇಪ್ಪತ್ತು ವರ್ಷದ ಹುಡುಗ ನ್ಯಾಯಾಲಯದಲ್ಲಿ ಕೇಳಿದ್ದು ಹಣವನ್ನಲ್ಲ, ತಾನು ಕಲಿತ ಒಂದೇ ಕೆಲಸ ಮಾಡಲು ಅನುಮತಿಯನ್ನು.

ಈ ಕಥೆಯಲ್ಲಿ ಫೆಡರೇಷನ್ನನ್ನು ಖಳನಾಯಕನ ಜಾಗದಲ್ಲಿ ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಭಯಕ್ಕೆ ಕಾರಣವಿತ್ತು. 2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್‌ನಲ್ಲಿ, ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್ ಆಡುತ್ತಿದ್ದ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೋ ಹತ್ತಿರ ಯಾರೂ ಇಲ್ಲದಿದ್ದಾಗ ಕುಸಿದು ಬಿದ್ದು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಇದೇ ಕಾಯಿಲೆ. ನಮ್ಮ ಬೆಂಗಳೂರಿನ ನೆನಪೂ ಕಹಿಯೇ. 2004ರ ಡಿಸೆಂಬರ್ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಮೋಹನ್ ಬಾಗನ್ ವಿರುದ್ಧ ಡೆಂಪೊ ತಂಡದ ಎರಡೂ ಗೋಲು ಹೊಡೆದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್, ಎರಡನೆಯ ಗೋಲಿನ ಹೊತ್ತಿಗೆ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ. 2012ರ ಮಾರ್ಚ್‌ನಲ್ಲಿ ಬೆಂಗಳೂರಿನ ಲೀಗ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ಆಟಗಾರನೊಬ್ಬ ಮೈದಾನದಲ್ಲಿ ಕುಸಿದ. ಆಂಬುಲೆನ್ಸ್ ಇರಲಿಲ್ಲ. ಆಟೊದಲ್ಲಿ ಆಸ್ಪತ್ರೆಗೆ ಒಯ್ದರು, ಉಳಿಯಲಿಲ್ಲ.

ಇಷ್ಟೆಲ್ಲ ಕಂಡ ಮೇಲೆ ಒಬ್ಬ ಆಡಳಿತಗಾರ ಬೇಡಪ್ಪ ಎಂದರೆ ಅವನನ್ನು ಹಳಿಯುವುದು ಹೇಗೆ? ಆದರೆ ಭಯವೊಂದೇ ತೀರ್ಮಾನವಾಗಬಾರದು ಎಂಬ ವಾದವೂ ಅಷ್ಟೇ ಗಟ್ಟಿ. ಆಡಲು ಬಿಡದ ಹುಡುಗ ಸಾಯುವುದಿಲ್ಲ ಎಂಬ ಭರವಸೆ ಯಾರು ಕೊಟ್ಟಿದ್ದರು? ಅವನಿಗೆ ಗೊತ್ತಿದ್ದದ್ದು ಫುಟ್‌ಬಾಲ್ ಒಂದೇ, ಅದರಿಂದಲೇ ಅವನ ಬದುಕು ನಡೆಯಬೇಕು. ಅಪಾಯದ ಪ್ರಮಾಣ ತಿಳಿಸಿ, ಅರ್ಥವಾಗುವಂತೆ ಹೇಳಿ, ಆಮೇಲೆ ಆಯ್ಕೆಯನ್ನು ವಯಸ್ಕನಾದ ಅವನಿಗೇ ಬಿಡಬೇಕು ಎಂಬ ಪಕ್ಷ ನನ್ನದು. ಜಗತ್ತಿನಲ್ಲೂ ಈ ವಿಷಯದಲ್ಲಿ ಒಂದೇ ನಿಯಮವಿಲ್ಲ. 2021ರ ಜೂನ್‌ನಲ್ಲಿ ಕೋಪನ್‌ಹೇಗನ್‌ನ ಪಂದ್ಯದಲ್ಲಿ ಹೃದಯ ಸ್ತಂಭನವಾಗಿ ಬಿದ್ದ ಕ್ರಿಸ್ಟಿಯನ್ ಎರಿಕ್ಸನ್, ಎದೆಯೊಳಗೆ ಸಾಧನ ಅಳವಡಿಸಿಕೊಂಡ ಮೇಲೆ ಇಟಲಿಯಲ್ಲಿ ಆಡುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಆಡಬಹುದಿತ್ತು. ಅಲ್ಲಿನ ಬ್ರೆಂಟ್‌ಫರ್ಡ್ ಕ್ಲಬ್ ಅವರನ್ನು 2022ರ ಜನವರಿಯಲ್ಲಿ ಸೇರಿಸಿಕೊಂಡಿತು.

ಹೊರಗುಳಿದ ಆ ಕಾಲದಲ್ಲಿ ಅನ್ವರ್ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಆಡಿದ. ಹಿಮಾಚಲದ ಲೀಗ್‌ನಲ್ಲಿ ಆಡಿದ. ಹಿಂದೆ ಮಿನರ್ವಾ ಅಕಾಡೆಮಿಯಲ್ಲಿ ಅವನನ್ನು ಬೆಳೆಸಿದ್ದ ರಂಜಿತ್ ಬಜಾಜ್ ಅವರ ದಿಲ್ಲಿ ಎಫ್‌ಸಿ ಕೈಬಿಡಲಿಲ್ಲ. ವಿಷಯ ಫೆಡರೇಷನ್‌ನ ವೈದ್ಯಕೀಯ ಸಮಿತಿಯ ಮುಂದೆ ಹೋಗಿತ್ತು. ಆಗ ಅದರ ಮುಖ್ಯಸ್ಥರಾಗಿದ್ದವರು ಡಾ. ವೇಸ್ ಪೇಸ್, 1972ರ ಒಲಿಂಪಿಕ್ಸ್‌ನಲ್ಲಿ ಹಾಕಿ ಕಂಚು ಗೆದ್ದ ತಂಡದಲ್ಲಿದ್ದವರು. ಆಟಗಾರನ ಹಸಿವು, ವೈದ್ಯನ ಎಚ್ಚರ ಎರಡನ್ನೂ ಬಲ್ಲವರಾಗಿದ್ದರು. ಕೊನೆಗೆ ಬಾಗಿಲು ತೆರೆಯಿತು. 2021ರ ಡುರಾಂಡ್ ಕಪ್ ಹೊತ್ತಿಗೆ ಅನ್ವರ್ ದೊಡ್ಡ ಟೂರ್ನಿಗೆ ಮರಳಿದ್ದ. 2022ರ ಜನವರಿಯಲ್ಲಿ ಎಫ್‌ಸಿ ಗೋವಾ ತಂಡ ಸೇರಿದ. ಎರಿಕ್ಸನ್ ಬ್ರೆಂಟ್‌ಫರ್ಡ್ ಸೇರಿದ್ದೂ ಅದೇ ತಿಂಗಳು.

ಮುಂದಿನದು ಬೇಗ ಬೇಗ ನಡೆಯಿತು. ಮಾರ್ಚ್‌ನಲ್ಲಿ ಬಹರೇನ್ ವಿರುದ್ಧ ಭಾರತದ ಹಿರಿಯರ ತಂಡದಲ್ಲಿ ಮೊದಲ ಪಂದ್ಯ. ಜೂನ್ 14ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಹಾಂಗ್‌ಕಾಂಗ್ ವಿರುದ್ಧ ಏಷ್ಯಾ ಕಪ್ ಅರ್ಹತಾ ಪಂದ್ಯ ಶುರುವಾಗಿ ಎರಡನೆಯ ನಿಮಿಷದಲ್ಲೇ ಗೋಲು ಹೊಡೆದ. ಭಾರತ 4–0ಯಿಂದ ಗೆದ್ದಿತು. ಅಭ್ಯಾಸಕ್ಕೂ ಬೇಡ ಎನಿಸಿಕೊಂಡದ್ದು ಇದೇ ಊರಿನ ಕ್ಲಬ್‌ನಲ್ಲಿ, ಎರಡು ವರ್ಷವೂ ಆಗಿರಲಿಲ್ಲ.

ಡಿಫೆಂಡರ್‌ನ ಬದುಕು ಫಾರ್ವರ್ಡ್‌ನದರಂತಲ್ಲ. ಸುನಿಲ್ ಚೆಟ್ರಿ ಐದು ಅವಕಾಶ ಕಳೆದುಕೊಂಡು ಆರನೆಯದರಲ್ಲಿ ಗೋಲು ಹೊಡೆದರೆ ಜನ ಹೊತ್ತು ಮೆರೆಸುತ್ತಾರೆ. ಡಿಫೆಂಡರ್ ತೊಂಬತ್ತು ನಿಮಿಷ ಎಲ್ಲವನ್ನೂ ಸರಿಯಾಗಿ ಮಾಡಿ ಒಂದು ಕ್ಷಣ ಎಡವಿದರೆ ನೆನಪಿನಲ್ಲಿ ಉಳಿಯುವುದು ಆ ಕ್ಷಣವೇ. ಅನ್ವರ್‌ಗೆ ಅದು ಕಂಠೀರವದಲ್ಲೇ ಆಯಿತು. 2023ರ ಜೂನ್ 27ರಂದು ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಕುವೈತ್ ವಿರುದ್ಧ ಭಾರತ ಮುಂದಿತ್ತು, ಹೆಚ್ಚುವರಿ ನಿಮಿಷಗಳು ಓಡುತ್ತಿದ್ದವು. ತಪ್ಪಿಸಲು ಹೋದ ಚೆಂಡು ಅವನ ಕಾಲಿನಿಂದಲೇ ನಮ್ಮ ಬಲೆಗೆ ಹೋಯಿತು. ಪಂದ್ಯ 1–1ರಲ್ಲಿ ಮುಗಿಯಿತು. ಒಂದು ವಾರದ ನಂತರ ಅದೇ ಮೈದಾನದಲ್ಲಿ, ಅದೇ ಕುವೈತ್ ಎದುರು ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್ ಗೆದ್ದು ಭಾರತ ಕಪ್ ಎತ್ತಿತು.

ನಂತರ ಮೋಹನ್ ಬಾಗನ್ ಸೇರಿ ಡುರಾಂಡ್ ಕಪ್ ಗೆದ್ದ, ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಲೀಗ್ ಷೀಲ್ಡ್ ಗೆದ್ದ ತಂಡದಲ್ಲಿದ್ದ. ನಡುವೆ ಗಾಯದಿಂದಾಗಿ 2024ರ ಜನವರಿಯ ಏಷ್ಯಾ ಕಪ್ ತಪ್ಪಿಹೋಯಿತು. ಅದೇ ವರ್ಷ ಬಾಗನ್ ಬಿಟ್ಟು ಬದ್ಧ ಎದುರಾಳಿ ಈಸ್ಟ್ ಬೆಂಗಾಲ್‌ಗೆ ಹೋದಾಗ ಕೋಲ್ಕತ್ತ ಹೊತ್ತಿ ಉರಿಯಿತು. ಫೆಡರೇಷನ್‌ನ ಸಮಿತಿ ನಾಲ್ಕು ತಿಂಗಳ ನಿಷೇಧ ಹೇರಿತು, ಬಾಗನ್‌ಗೆ ₹12.90 ಕೋಟಿ ಪರಿಹಾರ ಕೊಡಬೇಕೆಂದಿತು. ದೆಹಲಿ ಹೈಕೋರ್ಟ್‌ನಲ್ಲಿ ಆ ಆದೇಶ ನಿಲ್ಲಲಿಲ್ಲ, ಅವನು ಆಡಿದ. ಒಪ್ಪಂದ ಮುರಿದದ್ದು ಸರಿಯೇ ತಪ್ಪೇ ಎಂಬುದು ವಕೀಲರ ಜಗಳ. ನನ್ನ ಮನಸ್ಸು ನಿಂತದ್ದು ಆ ಮೊತ್ತದ ಮೇಲೆ. ಕೆಲಸ ಮಾಡಲು ಬಿಡಿ ಎಂದು ಹಿಂದೆ ಇದೇ ನ್ಯಾಯಾಲಯಕ್ಕೆ ಬಂದಿದ್ದವನ ಆಟಕ್ಕೆ ಈಗ ಕೋಟಿಗಳ ಲೆಕ್ಕ ಹಾಕುತ್ತಿದ್ದರು.

ಇಷ್ಟಾದರೂ ಒಂದು ಕೆಲಸ ಬಾಕಿ ಇದೆ. ಹೃದಯ ಸ್ತಂಭನವಾದಾಗ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಸಿಗುವುದು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಎರಿಕ್ಸನ್ ಉಳಿದದ್ದು ಅದು ಮೈದಾನದಲ್ಲೇ ಇದ್ದುದರಿಂದ. ಅನ್ವರ್ ಆಡುವ ದೊಡ್ಡ ಪಂದ್ಯಗಳಿಗೆ ವೈದ್ಯರಿರುತ್ತಾರೆ, ಆಂಬುಲೆನ್ಸ್ ಇರುತ್ತದೆ. ಆದರೆ ತನ್ನ ಎದೆಯಲ್ಲಿ ಏನಿದೆ ಎಂದು ತಿಳಿಯದೆಯೇ ಭಾನುವಾರದ ಬೆಳಿಗ್ಗೆ ಕೆಮ್ಮಣ್ಣಿನ ಮೈದಾನಕ್ಕೆ ಇಳಿಯುವ ಹುಡುಗರು ಬೆಂಗಳೂರಿನಲ್ಲೂ ಬೆಳಗಾವಿಯಲ್ಲೂ ಸಾವಿರಗಟ್ಟಲೆ ಇದ್ದಾರೆ. ಜಿಲ್ಲಾ ಲೀಗ್ ನಡೆಯುವ ಪ್ರತಿ ಮೈದಾನದಲ್ಲೂ ಅಂಥದ್ದೊಂದು ಯಂತ್ರ, ಅದನ್ನು ಬಳಸಲು ತರಬೇತಿ ಪಡೆದ ಒಬ್ಬರು ಇರಲೇಬೇಕು. ಹುಡುಗರ ನೋಂದಣಿಗೆ ಮೊದಲು ಒಂದು ಇಸಿಜಿ ಆಗಲೇಬೇಕು. ಇದಕ್ಕೆ ತಗಲುವ ವೆಚ್ಚವನ್ನು ರಾಜ್ಯ ಸಂಸ್ಥೆ ಮತ್ತು ಸರ್ಕಾರ ಹಂಚಿಕೊಳ್ಳಲಿ.