‘ಗಂಡು ಹುಡುಗ, ಮಾತು ತಡಾ ಬರತೈತಿ’

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಹೆಂಗಸರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಗೊನೆ ಕತ್ತರಿಸಬೇಕು, ಶೆಡ್ಡಿನ ಬಲೆಗಳ ಮೇಲೆ ಹರವಬೇಕು, ಒಣಗಿದ ಮಣೂಕದ ಕಡ್ಡಿ ತೆಗೆದು ಆರಿಸಬೇಕು. ಕೂಸುಗಳೂ ಅಲ್ಲೇ, ಸೀರೆಯ ಜೋಳಿಗೆಯಲ್ಲೋ ನೆರಳಿಗೆ ಹಾಸಿದ ಚೀಲದ ಮೇಲೋ ಇರುತ್ತವೆ. ನಾಲ್ಕು ಮಕ್ಕಳು ಒಂದೆಡೆ ಸೇರಿದರೆ ಬೇಡವೆಂದರೂ ಹೋಲಿಕೆ ಶುರುವಾಗುತ್ತದೆ. ಅವರ ಮಗು ಹತ್ತು ತಿಂಗಳಿಗೇ ಹೆಜ್ಜೆ ಇಟ್ಟಿತು, ನಮ್ಮದು ಇನ್ನೂ ಕೂತಲ್ಲೇ ಇದೆ. ಅವರ ಹುಡುಗಿ ‘ಅವ್ವಾ, ನೀರ ಕೊಡ’ ಅನ್ನುತ್ತದೆ, ನಮ್ಮವನು ಎರಡು ತುಂಬಿದರೂ ಸೆರಗು ಹಿಡಿದು ಜಗ್ಗುವುದಷ್ಟೇ.

ತಾಯಿ ಈ ಮಾತನ್ನು ಮನೆಯಲ್ಲಿ ಎತ್ತಿದರೆ ಸಿಗುವ ಉತ್ತರ ಬಬಲೇಶ್ವರದ ಹಳ್ಳಿಗಳಲ್ಲೂ ವಿಜಯಪುರದ ಬಡಾವಣೆಗಳಲ್ಲೂ ಹೆಚ್ಚುಕಡಿಮೆ ಒಂದೇ: ‘ಗಂಡು ಹುಡುಗ ಐತಿ, ಮಾತು ತಡಾ ಬರತೈತಿ. ಇವರಪ್ಪನೂ ಹಿಂಗ ಇದ್ದ, ನಾಕ ವರ್ಷಕ್ಕ ಬಾಯಿ ಬಿಟ್ಟ.’ ಪ್ರೀತಿಯಿಂದಲೇ ಹೇಳುವ ಮಾತು. ಅದರಲ್ಲಿ ಎಳ್ಳಷ್ಟು ನಿಜವೂ ಇದೆ, ಸರಾಸರಿಯಲ್ಲಿ ಗಂಡುಮಕ್ಕಳು ಮಾತಿಗೆ ತುಸು ಹಿಂದೆ. ಆದರೆ ಅದು ಒಂದೆರಡು ತಿಂಗಳ ಲೆಕ್ಕ, ವರ್ಷಗಳದ್ದಲ್ಲ. ಅಜ್ಜಿ ಬಜೆ ಬೇರು ತೇಯ್ದು ಜೇನಿನಲ್ಲಿ ಕಲೆಸಿ ನಾಲಿಗೆಗೆ ಸವರುತ್ತಾಳೆ. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ ಎನ್ನುವುದನ್ನು ಯಾರಾದರೂ ಆಕೆಗೆ ಮೆಲ್ಲಗೆ ಹೇಳಬೇಕು. ದರ್ಗಾಕ್ಕೂ ಗುಡಿಗೂ ಹರಕೆ ಹೋಗುತ್ತದೆ. ಹೋಗಲಿ. ನನ್ನ ತಕರಾರು ಹರಕೆಯ ಮೇಲಲ್ಲ, ಅದರ ಜೊತೆಗೆ ಬರುವ ‘ಇನ್ನೊಂದು ವರ್ಷ ನೋಡೋಣ’ ಎನ್ನುವುದರ ಮೇಲೆ. ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದಾದರೆ ಒಂದು ದಿನದ ಕೂಲಿ ಹೋದೀತು. ಏನೋ ಇದ್ದು ಕಾದರೆ ಹೋಗುವುದು ಮಗುವಿನ ಮಿದುಳು ಅತಿ ಚುರುಕಾಗಿ ಕಲಿಯುವ ವರ್ಷಗಳು.

ನಮ್ಮಲ್ಲಿ ನಡಿಗೆಗೆ ಗಾಬರಿ ಜಾಸ್ತಿ, ಮಾತಿಗೆ ಕಡಿಮೆ. ಅದು ತಿರುವುಮುರುವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರ ಆಸರೆಯೂ ಇಲ್ಲದೆ ನಡೆಯುವ ಕಾಲ 8.2ರಿಂದ 17.6 ತಿಂಗಳವರೆಗೆ ಹರಡಿಕೊಂಡಿದೆ. ಅಂದರೆ ಒಂಬತ್ತಕ್ಕೆ ನಡೆದ ಮಗುವೂ ಸರಿ, ಹದಿನೇಳಕ್ಕೆ ನಡೆದ ಮಗುವೂ ಸರಿ. ಆ ಮಕ್ಕಳಲ್ಲಿ ಶೇ 4ರಷ್ಟು ಅಂಬೆಗಾಲಿಕ್ಕದೆಯೇ ಎದ್ದು ನಡೆದವರು. ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಗಾಬರಿಯಲ್ಲಿ ಅಂಗಡಿಯಿಂದ ಗಾಲಿಯ ವಾಕರ್ ತರುವುದರಿಂದ ನಡಿಗೆ ಬೇಗ ಬರುವುದಿಲ್ಲ. ಮಕ್ಕಳು ಉರುಳಿ ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾರೆಂದು ಕೆನಡಾ ಅದರ ಮಾರಾಟವನ್ನೇ 2004ರಲ್ಲಿ ನಿಷೇಧಿಸಿತು. ತಿಂಗಳು ತುಂಬದೆ ಹುಟ್ಟಿದ ಮಗುವಿನ ಲೆಕ್ಕವೇ ಬೇರೆ. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ ವಯಸ್ಸಿನಲ್ಲಿ ಆ ಎರಡು ತಿಂಗಳು ಕಳೆದೇ ನೋಡಬೇಕು, ಎರಡು ವರ್ಷ ತುಂಬುವವರೆಗೂ.

ಮಾತಿನಲ್ಲಿ ಇಷ್ಟು ಸಡಿಲ ಬೇಡ. ವರ್ಷವಾದರೂ ‘ಬಬಬ’, ‘ದದದ’ ಎಂಬ ತೊದಲಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಟಾಟಾ ಮಾಡುವುದಿಲ್ಲ. ಹದಿನಾರು ತಿಂಗಳಿಗೂ ಅರ್ಥವಿರುವ ಒಂದು ಮಾತಿಲ್ಲ. ಎರಡು ವರ್ಷಕ್ಕೂ ‘ಅವ್ವ ಬಾ’ ಎಂದು ಎರಡು ಮಾತು ಜೋಡಿಸುವುದಿಲ್ಲ. ಇವುಗಳಲ್ಲಿ ಯಾವುದೊಂದು ಕಂಡರೂ ತೋರಿಸಬೇಕು. ಇದ್ದ ಮಾತು, ಇದ್ದ ನಗು ಕಳೆದುಹೋದರೆ ಯಾವ ವಯಸ್ಸಾದರೂ ಸರಿ, ಅದೇ ವಾರ ಹೋಗಬೇಕು.

ಹೋದಾಗ ಮೊದಲು ಕೇಳಬೇಕಾದದ್ದು ಕಿವಿಯ ಪರೀಕ್ಷೆ. ‘ಕಿವಿ ಚಲೋ ಅದಾವ್ರೀ, ತಾಟು ಬಿದ್ರ ತಿರುಗಿ ನೋಡತೈತಿ’ ಎನ್ನುತ್ತಾರೆ. ತಾಟು ಬಿದ್ದ ಸದ್ದು ದೊಡ್ಡದು. ಅದು ಕೇಳಿಸಿದ ಮಗುವಿಗೆ ಮಾತಿನೊಳಗಿನ ಸ, ಪ, ಕ ಕೇಳಿಸದೇ ಇರಬಹುದು. ಮಲಗಿದ ಮಗುವಿಗೇ ಮಾಡಬಹುದಾದ, ನೋವಿಲ್ಲದ ಬೆರಾ ಪರೀಕ್ಷೆಯಿಂದ ಇದು ತಿಳಿಯುತ್ತದೆ. ನಮ್ಮ ಭಾಗದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲೊಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ, ಅಂಥ ಮನೆಗಳಲ್ಲಿ ಹುಟ್ಟು ಕಿವುಡಿನ ಸಾಧ್ಯತೆ ಹೆಚ್ಚು. ಇದು ಯಾರನ್ನೂ ಹಂಗಿಸಲು ಅಲ್ಲ. ಸೋದರಮಾವನನ್ನೇ ಮದುವೆಯಾದ ತಾಯಿ ಹೆರಿಗೆಯಾದ ತಿಂಗಳೊಳಗೇ ಮಗುವಿನ ಕಿವಿ ಪರೀಕ್ಷೆ ಕೇಳಲಿ ಎಂದಷ್ಟೇ. ಮೂರು ತಿಂಗಳೊಳಗೆ ದೋಷ ಖಚಿತವಾಗಿ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಶುರುವಾದ ಮಕ್ಕಳು ಮಾತಿನಲ್ಲಿ ಬಹಳ ಮುಂದೆ ಹೋಗುತ್ತಾರೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ದೊಡ್ಡದು. ಗೋಲಗುಂಬಜ್ ಎಕ್ಸ್‌ಪ್ರೆಸ್ ಏರಿ ಅಲ್ಲಿಗೆ ಹೋದರೆ ತಾಯಂದಿರಿಗೇ ತರಬೇತಿ ಕೊಟ್ಟು, ಮನೆಯಲ್ಲಿ ಮಗುವಿಗೆ ಮಾತು ಕಲಿಸುವ ಬಗೆ ಹೇಳಿಕೊಡುತ್ತಾರೆ.

ಇನ್ನೊಂದು ತಪ್ಪು ಸಲಹೆ ನಮ್ಮಲ್ಲಿ ಚೆನ್ನಾಗಿ ಓದಿದವರ ಬಾಯಲ್ಲೂ ಬರುತ್ತದೆ: ಮನೆಯಲ್ಲಿ ಎರಡೆರಡು ಭಾಷೆಯಾಗಿ ಮಗು ಗೊಂದಲಕ್ಕೆ ಬಿದ್ದಿದೆ, ಒಂದನ್ನು ಬಿಡಿ. ವಿಜಯಪುರದ ಗಲ್ಲಿಗಳಲ್ಲಿ ದಖನಿ, ಕನ್ನಡ, ಮರಾಠಿ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ. ಲಂಬಾಣಿ ತಾಂಡಾದ ಮಗು ಮನೆಯಲ್ಲಿ ಅವ್ವನಿಗೆ ‘ಯಾಡಿ’ ಅನ್ನುತ್ತದೆ, ನೀರಿಗೆ ‘ಪಾಣಿ’ ಅನ್ನುತ್ತದೆ, ಅಂಗನವಾಡಿಗೆ ಬಂದು ಸುಮ್ಮನೆ ಕೂರುತ್ತದೆ. ಅದು ತಡವಲ್ಲ, ಹೊಸ ಭಾಷೆಯ ಮುಂದೆ ಮಗು ತಾಳುವ ಮೌನ. ಎಲ್ಲ ಭಾಷೆಗಳಲ್ಲಿ ಮಗು ಆಡುವ ಮಾತುಗಳನ್ನು ಕೂಡಿಸಿ ಎಣಿಸಬೇಕು. ಕೂಡಿಸಿದ ಮೇಲೂ ಕಡಿಮೆಯಿದ್ದರೆ ಕಾರಣ ಭಾಷೆಯಲ್ಲ, ಬೇರೆಡೆ ಹುಡುಕಬೇಕು. ತಾಯಿ ತನ್ನ ಭಾಷೆ ಬಿಟ್ಟು, ತನಗೇ ನೆಟ್ಟಗೆ ಬಾರದ ಇಂಗ್ಲಿಷ್ ಹಿಡಿದರೆ ಮಗುವಿನ ಕಿವಿಗೆ ಬೀಳುವ ಮಾತೇ ಅರ್ಧಕ್ಕಿಳಿಯುತ್ತದೆ.

ಔಷಧಿಗೆ ಬಗ್ಗುವ ಕಾರಣಗಳೂ ಇವೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆಯಿದ್ದರೆ ಮೊದಲ ವಾರಗಳಲ್ಲೇ ಮಾತ್ರೆ ಶುರುವಾಗಬೇಕು. ತಡವಾದರೆ ಬುದ್ಧಿಯ ಬೆಳವಣಿಗೆಗೆ ಆದ ನಷ್ಟ ತುಂಬಲಾರದು. ಮಾಂಸ, ಮೊಟ್ಟೆ ಮುಟ್ಟದ, ಹಾಲು ಮೊಸರೂ ಅಷ್ಟಾಗಿ ಸಿಗದ ತಾಯಿಯ ಎದೆಹಾಲನ್ನಷ್ಟೇ ನೆಚ್ಚಿ ವರ್ಷ ಕಳೆದ ಮಗುವಿಗೆ ಬಿ12 ಕೊರತೆ ಕಾಡಬಹುದು. ಕಿಲಕಿಲ ನಗುತ್ತಿದ್ದ ಕೂಸು ಮಂಕಾಗುತ್ತದೆ, ಕೂದಲು ವಿರಳವಾಗುತ್ತದೆ, ಕೂರುತ್ತಿದ್ದದ್ದು ಕೂರಲಾರದು. ಬೇಗ ಗುರುತಿಸಿ ಬಿ12 ಕೊಟ್ಟರೆ ಅಂಥ ಮಗು ಮತ್ತೆ ಚೇತರಿಸಿಕೊಳ್ಳುತ್ತದೆ.

ಇಷ್ಟೆಲ್ಲದರ ನಡುವೆ ದೂರು ಮಾತ್ರ ತಾಯಿಯ ತಲೆಗೆ. ಬಸುರಿನಲ್ಲಿ ಗ್ರಹಣ ನೋಡಿದಳು, ಫೋನ್ ಕೊಟ್ಟು ಕೆಡಿಸಿದಳು, ಮಗುವಿನ ಜೊತೆ ಮಾತೇ ಆಡಲಿಲ್ಲ. ಎರಡರೊಳಗಿನ ಮಕ್ಕಳಿಗೆ ಫೋನ್ ಬೇಡ ಎನ್ನುವುದು ಸರಿಯೇ. ಆದರೆ ಫೋನ್ ಕಸಿದು ಆರು ತಿಂಗಳು ಕಾಯುವುದು ಪರೀಕ್ಷೆಗೆ ಬದಲಿಯಾಗದು. ತಾಯಿಯನ್ನು ದೂರಿದ್ದು ನಮ್ಮವರಷ್ಟೇ ಅಲ್ಲ. ತಾಯಿಯ ತಣ್ಣನೆಯ ಮನಸ್ಸಿನಿಂದಲೇ ಆಟಿಸಂ ಬರುತ್ತದೆಂದು ಅಮೆರಿಕದ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದಿದ್ದರು. ಸ್ವತಃ ಆಟಿಸಂ ಇದ್ದ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್, ಇದರ ಬೇರು ಮಿದುಳಿನಲ್ಲಿದೆ ಎಂದು 1964ರಲ್ಲೇ ವಾದಿಸಿದ್ದರು. ವಿಜ್ಞಾನ ರಿಮ್‌ಲ್ಯಾಂಡ್ ಪರ ನಿಂತಿತು. ನಮ್ಮ ಪಡಸಾಲೆಗಳಿಗೆ ಆ ತೀರ್ಪು ಇನ್ನೂ ಮುಟ್ಟಿಲ್ಲ. ಹಗಲಿರುಳು ಮಗುವನ್ನು ನೋಡುವವಳ ಅನುಮಾನವನ್ನೇ ಮೊದಲ ಪರೀಕ್ಷೆ ಎಂದು ಮನೆಯವರು ನಂಬಿದರೆ ಅರ್ಧ ದಾರಿ ಸವೆದಂತೆ.

ಉಳಿದರ್ಧ ದಾರಿ ಅಂಗನವಾಡಿಯಿಂದ ಶುರು. ತಾಯಿ ಕಾರ್ಡಿನಲ್ಲೇ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಪ್ರತಿ ಅಂಗನವಾಡಿಗೂ ಬರಬೇಕು. ಬೆಳವಣಿಗೆ ಕುಂಠಿತವಾಗಿದ್ದು ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು, ಚಿಕಿತ್ಸೆ ಉಚಿತ. ತಂಡ ಬರಲೆಂದು ಕಾಯಬೇಕಿಲ್ಲ, ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ನೇರವಾಗಿ ಜಿಲ್ಲಾಸ್ಪತ್ರೆಗೇ ಹೋಗಬಹುದು. ಹೋಗುವಾಗ ಮಗು ಮನೆಯಲ್ಲಿ ಆಡುವ, ಉಣ್ಣುವ, ಕರೆದರೆ ತಿರುಗುವ ಅಥವಾ ತಿರುಗದ ಒಂದೆರಡು ನಿಮಿಷದ ವಿಡಿಯೊ ಫೋನಿನಲ್ಲಿರಲಿ. ಹೊಸ ಮುಖ ಕಂಡು ಅಳುವ ಮಗುವಿನಲ್ಲಿ ವೈದ್ಯರಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಖಚಿತವಾದರೆ ಕೇಂದ್ರ ಸರ್ಕಾರದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ. ಅರ್ಜಿಗೆ ದಾರಿ ತೋರಿಸಲು ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಗುಳೆ ಹೋಗುವ ಮನೆಗಳ ಮಕ್ಕಳು. ತಿಕೋಟಾ, ಬಬಲೇಶ್ವರ ಸೀಮೆಯ ತಾಂಡಾಗಳಿಂದ ದೀಪಾವಳಿ ಕಳೆಯುತ್ತಲೇ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೊರಡುತ್ತವೆ. ಬೀಗ ಬಿದ್ದ ತಾಂಡಾಕ್ಕೆ ಚಳಿಗಾಲದಲ್ಲಿ ತಂಡ ಬಂದು ಹೋದರೆ ತಪಾಸಣೆಯೇನೋ ದಾಖಲಾಗುತ್ತದೆ, ಮಗು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿನ ತಾಂಡಾಗಳ ಭೇಟಿ ದೀಪಾವಳಿಗೆ ಮೊದಲೊಮ್ಮೆ, ಯುಗಾದಿ ಕಳೆದ ಮೇಲೊಮ್ಮೆ ನಡೆಯಲಿ. ತಾರೀಖನ್ನು ಪಂಚಾಯ್ತಿ ಮುಂಚೆಯೇ ಡಂಗುರ ಸಾರಿಸಲಿ. ಊರು ಬಿಡುವ ಮಗುವಿನ ಹೆಸರನ್ನು ಹೋದೂರಿನ ಅಂಗನವಾಡಿಗೆ ವರ್ಗಾಯಿಸಲು ಅಂಗನವಾಡಿಯ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಅವಕಾಶವಿದೆ. ಬುತ್ತಿ ಕಟ್ಟುವ ಮುನ್ನ ಅಂಗನವಾಡಿ ಕಾರ್ಯಕರ್ತೆಯ ಬಳಿ ಹೋಗಿ ಅದನ್ನೊಂದು ಮಾಡಿಸಿಕೊಳ್ಳಬೇಕು, ತಾಯಿ ಕಾರ್ಡನ್ನು ಜೊತೆಗಿಟ್ಟುಕೊಳ್ಳಬೇಕು.