ಸುತ್ತು ದಾರಿಯ ಅಕ್ಷರ ಯಾತ್ರಿಕ

ಮಗ ಪುಣೆಯಲ್ಲಿ ಮೂರನೆಯ ನೌಕರಿ ಬಿಟ್ಟನೆಂದು ತಿಳಿದು, "ಒಂದು ಕಡೆ ನಿಂತು ದುಡಿಯೋದು ಕಲಿಯಪ್ಪಾ" ಎಂದು ಗದರಿದ್ದೆ. ಅವನು ಎದುರಾಡದೆ ಕೆ. ಪಿ. ರಾಯರ ಕಥೆ ಹೇಳಿದ.

1940ರಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. ಮುಂದೆ ಟಾಟಾ ಪ್ರೆಸ್, ಮೋನೋಟೈಪ್ ಎಂದು ಮುದ್ರಣದತ್ತ ಹೊರಳಿದರು. ಮಣಿಪಾಲದಲ್ಲಿ ಪಾಠವನ್ನೂ ಹೇಳಿದರು. ಜೊತೆಗೆ ಸಿಂಧೂ ಲಿಪಿಯ ಹುಚ್ಚು. ದಾರಿ ಎಷ್ಟು ಸುತ್ತಿದರೂ ಅಕ್ಷರದ ನಂಟು ಬಿಡಲಿಲ್ಲ.

ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವನ್ನೆಲ್ಲ ಕೂರಿಸಿದವರು ಅವರು. 'ಕ' ಒತ್ತಿ 'ಇ' ಒತ್ತಿದರೆ ತಾನೇ 'ಕಿ' ಆಗುತ್ತದೆ. ಗುಣಿತಕ್ಕೆ ಬೇರೆ ಕೀಲಿ ಬೇಡ. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟು, ಎಲ್ಲರಿಗೂ ಉಚಿತವಾಗಿ ಕೊಟ್ಟರು.

"ಮಾರಿದ್ದರೆ ಲಕ್ಷಗಟ್ಟಲೆ ಬರುತ್ತಿತ್ತಲ್ಲ?" ಎಂದೆ.

"ಮಾರಿದ್ದರೆ ಕಾಸಿಲ್ಲದವರು ಕನ್ನಡ ಬರೆಯುತ್ತಿರಲಿಲ್ಲ, ಅಪ್ಪಾ."

ನಮ್ಮ ಅಕ್ಕಲಕೋಟೆಯಲ್ಲಿ ಮನೆಮಾತು ಕನ್ನಡ, ಪೇಟೆಯ ಲೆಕ್ಕ ಮರಾಠಿ. ಮರಾಠಿ ಶಾಲೆಯಲ್ಲಿ ಓದಿದ ಮಗ ಈ ಲೇಖನವನ್ನು ಅದೇ ಕೀಲಿಗಳಲ್ಲಿ ಟೈಪು ಮಾಡಿಕೊಟ್ಟ. ಅವನಿಗೆ ನಾಲ್ಕನೆಯ ನೌಕರಿ ಇನ್ನೂ ಸಿಕ್ಕಿಲ್ಲ. ನಾನೀಗ ಗದರುವುದಿಲ್ಲ, ಕೇಳುವುದು ಇಷ್ಟೇ: "ನಿನಗೆ ಬಿಡಲಾರದ ನಂಟು ಯಾವುದಪ್ಪಾ?"