ಕಿಟ್‌ಗಾಗಿ ಬಿಚ್ಚಿದ ಪೋರ್ಷೆ

ಆಟಿಕೆ ಕಾರಿನ ಕಿಟ್ ಮಾಡಲು ನಿಜವಾದ ಪೋರ್ಷೆಯನ್ನೇ ಕೊಂಡು, ನಟ್ಟು ಬೋಲ್ಟು ಬಿಚ್ಚಿ ಹರಡಿದವರನ್ನು ಕೇಳಿದ್ದೀರಾ?

ಜಪಾನಿನ ಶಿಜುವೋಕಾದ ತಮಿಯಾ ಕಂಪನಿ. ಆ ಕಂಪನಿಯ ಶುನ್‌ಸಾಕು ತಮಿಯಾ ಅವರಿಗೆ ಪೋರ್ಷೆ 934 ರೇಸ್ ಕಾರನ್ನು 1/12 ಅಳತೆಯಲ್ಲಿ ತರುವ ಹಂಬಲ. ಎಷ್ಟು ಫೋಟೋ ತೆಗೆದರೂ ಒಳಗಿನ ವಿವರ ಸಾಲಲಿಲ್ಲ. ಕೊನೆಗೆ 934ಕ್ಕೆ ಮೂಲವಾದ ಒಂದು 911 ಕಾರು ಕೊಂಡು ಬಿಚ್ಚಿಯೇಬಿಟ್ಟರು!

1976ರಲ್ಲಿ ಕಿಟ್ ಬಂತು. ಕಟ್ಟಿದರೆ ಒಂದಡಿಗಿಂತ ತುಸು ಉದ್ದ. ಹಿಂಬದಿಯ ಮುಚ್ಚಳ ಎತ್ತಿದರೆ ಆರು ಸಿಲಿಂಡರಿನ ಎಂಜಿನ್. ಅದೇ ಬಾಡಿಯನ್ನು ಹೊತ್ತು ತಮಿಯಾದ ಮೊದಲ ರಿಮೋಟ್ ಕಂಟ್ರೋಲ್ ಕಾರೂ ಅದೇ ವರ್ಷ ಓಡಿತು. ನನ್ನ ಮಟ್ಟಿಗೆ ಕಿಟ್ ಲೋಕದ ಅತಿ ದೊಡ್ಡ ಕಥೆ ಇದೇ.

ಈಗ ನೀವು ಕಟ್ಟುವಿರಾದರೆ, 1/24 ಅಳತೆಯಿಂದ ಶುರುಮಾಡಿ. ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ಬಳ್ಳಿಯಲ್ಲಿ ಕಾಯಿ ಇದ್ದ ಹಾಗೆ. ಕೈಯಲ್ಲಿ ಮುರಿಯಲೇಬೇಡಿ. ಕಟರ್‌ನಿಂದ ಮೊದಲು ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ತುಂಡನ್ನು ಆಮೇಲೆ ಸವರಿ, ಮರಳು ಕಾಗದದಲ್ಲಿ ಉಜ್ಜಿ.

ಅಂಟಿನ ಗುಟ್ಟು ಕೇಳಿ: ಮಾಡೆಲ್ ಸಿಮೆಂಟ್ ಎಂಬ ಕಿಟ್ ಅಂಟು ಬರೀ ಮೇಲೆ ಮೆತ್ತಿಕೊಳ್ಳುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎರಡು ಭಾಗ ಬೆಸೆದು ಒಂದಾಗುತ್ತವೆ. ಬಣ್ಣ ಅಥವಾ ಕ್ರೋಮ್ ಇದ್ದಲ್ಲಿ ಅದು ಹಿಡಿಯದು. ಮೊದಲು ಕೆರೆದು ತೆಗೆಯಿರಿ. ಗಾಜಿನಂತಿರುವ ಪಾರದರ್ಶಕ ಪ್ಲಾಸ್ಟಿಕ್ ಭಾಗಕ್ಕಂತೂ ಒಂದು ಹನಿಯೂ ತಾಗಬಾರದು, ಕಲೆ ಹೋಗುವುದಿಲ್ಲ. ಅಲ್ಲಿಗೆ ಬಿಳಿ ಫೆವಿಕಾಲ್ ಸಾಕು. ಒಣಗಿದ ಮೇಲೆ ಕಾಣುವುದೂ ಇಲ್ಲ.